ನೇಪಾಳಕ್ಕೆ ಸೇವೆಗೆ ಹೊರಟಿದ್ದೇವೆ, ಹೋಗಿ ಬಂದವರು ಅನುಭವ ಹೇಳಿ

ಹುಬ್ಬಳ್ಳಿ ದಂಪತಿ: ಎಲ್ಲರಿಗೂ ವಂದನೆಗಳು. ನಾನು ಬೈಬಲ್ ಕಾಲೇಜು ಮುಗಿಸಿದ್ದೇನೆ, ಹೆಂಡತಿ ಸ್ಟಾಫ್ ನರ್ಸ್. ನಮ್ಮ ಸಭೆಯವರು, ಅಂದ್ರೆ ಚರ್ಚಿನವರು, ಮಿಷನರಿ ಸೇವೆಗೆ ಮೂರು ವರ್ಷಕ್ಕೆ ಪಶ್ಚಿಮ ನೇಪಾಳಕ್ಕೆ ಕಳಿಸ್ತೇವೆ ಅಂತಿದ್ದಾರೆ. ತಿಂಗಳಿಗೆ 28,000 ಕೊಡ್ತಾರಂತೆ. ಮಗಳಿಗೆ ಆರು ವರ್ಷ, ಅವಳ ಶಾಲೆಯದೇ ದೊಡ್ಡ ಚಿಂತೆ. ದಯವಿಟ್ಟು ತಿಳಿದವರು ಹೇಳಿ.

ಗದಗ ಬ್ರದರ್: ನಾನು 2019ರಲ್ಲಿ ಹೋದವನು. ಯಶವಂತಪುರದಿಂದ ಗೋರಖ್‌ಪುರಕ್ಕೆ ರೈಲಿನಲ್ಲಿ ಎರಡು ರಾತ್ರಿ, ಅಲ್ಲಿಂದ ಸೊನೌಲಿ ಗಡಿಗೆ ಬಸ್ಸು. ಜೇಬಲ್ಲಿ 500ರ ನೋಟು ಅರವತ್ತು ಇತ್ತು. ಆಗ ನೇಪಾಳದಲ್ಲಿ ನೂರರ ಮೇಲಿನ ನಮ್ಮ ನೋಟು ನಡೆಯುತ್ತಿರಲಿಲ್ಲ. ಕಳಿಸಿದವರು ಒಬ್ಬರೂ ಹೇಳಿರಲಿಲ್ಲ. ನಮ್ಮ ನೂರಕ್ಕೆ ಅಲ್ಲಿಯ 160 ಸರ್ಕಾರಿ ಲೆಕ್ಕ. ಗಡಿಯಲ್ಲಿ ನೋಟು ಬದಲಿಸುವವನು 150 ಅಂದ. 48,000 ಬರಬೇಕಾದಲ್ಲಿ 45,000 ಬಂತು. ಮೊದಲ ದಿನವೇ ಮೂರು ಸಾವಿರ ಹೋಯ್ತು.

ಅಲ್ಲಿ ಸಭೆ ಕೂಡುವುದು ಶನಿವಾರ, ಯಾಕಂದ್ರೆ ವಾರದ ರಜೆ ಅವತ್ತೇ. ನಮ್ಮೂರಿನ ಕಮಿಟಿಯವರು ಎಂಟು ತಿಂಗಳು ಬಿಡದೆ ಕೇಳಿದರು, ಭಾನುವಾರದ ಆರಾಧನೆ ಫೋಟೋ ಯಾಕೆ ಕಳಿಸ್ತಿಲ್ಲ ಅಂತ. ಶನಿವಾರದ್ದು ಕಳಿಸಿದರೆ "ಇದು ಪ್ರಾರ್ಥನಾ ಕೂಟ ಅಲ್ವಾ, ಆರಾಧನೆ ಎಲ್ಲಿ?" ಅಂತ ಮತ್ತೆ ಶುರು.

ನನ್ನ ದೊಡ್ಡ ತಪ್ಪೂ ಫೋಟೋದ್ದೇ. ಅಲ್ಲಿ 2015ರ ಸಂವಿಧಾನದ 26ನೇ ವಿಧಿಯಲ್ಲೇ ಮತಾಂತರ ಮಾಡಿಸುವುದಕ್ಕೆ ತಡೆ ಇದೆ. 2018ರ ಆಗಸ್ಟ್‌ನಿಂದ ಜಾರಿಯಾದ ಅಪರಾಧ ಸಂಹಿತೆಯಲ್ಲಿ ಅದಕ್ಕೆ ಐದು ವರ್ಷದ ತನಕ ಜೈಲು, 50,000ದ ತನಕ ದಂಡ. ವಿದೇಶಿಯಾದರೆ ಶಿಕ್ಷೆ ಮುಗಿದ ಏಳು ದಿನದಲ್ಲಿ ದೇಶದಿಂದ ಹೊರಗೆ. ಇಷ್ಟೆಲ್ಲಾ ಗೊತ್ತಿದ್ದೂ, ಎಷ್ಟು ದೀಕ್ಷಾಸ್ನಾನ (ನೀರಲ್ಲಿ ಮುಳುಗಿಸಿ ಕ್ರೈಸ್ತರಾಗಿ ಸೇರಿಸಿಕೊಳ್ಳುವ ವಿಧಿ) ಆಯ್ತು ಅಂತ ಊರಿನವರು ಪೀಡಿಸಿದ್ದಕ್ಕೆ ನದಿ ಹತ್ತಿರ ತೆಗೆದ ಒಂದು ಫೋಟೋ ಸಭೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಅದು ಎಲ್ಲೆಲ್ಲಿಗೋ ಹೋಗಿ ತಿರುಗಿ ಆ ಹಳ್ಳಿಗೇ ಬಂತು. ಠಾಣೆಗೆ ಕರೆಸಿದ್ದು ನನ್ನನ್ನಲ್ಲ, ನನಗೆ ಮನೆ ಕೊಡಿಸಿದ್ದ ಹುಡುಗನನ್ನು. ನಾನು ಎರಡೇ ದಿನದಲ್ಲಿ ಗಡಿ ದಾಟಿ ಬಂದೆ. ಅವನು ಎಲ್ಲಿ ದಾಟಬೇಕು? ಅವನ ಊರೇ ಅದು. ಒಂದು ವರ್ಷ ಅವನ ಅಂಗಡಿಗೆ ಯಾರೂ ಕಾಲಿಡಲಿಲ್ಲ.

ಉಡುಪಿ ಅಕ್ಕ: ಗದಗದ ಬ್ರದರ್, ನೋವಾಗಿದೆ ಅಂತ ಗೊತ್ತು. ಆದರೆ ಕೈಯಲ್ಲಿ ಒಂದು ಕೆಲಸ ಇಲ್ಲದೆ ಹೋದರೆ ಆಗುವುದೇ ಇದು. ನಾನು ಉತ್ತರ ಉಗಾಂಡದಲ್ಲಿ ಒಂದು ಮಿಷನ್ ಆಸ್ಪತ್ರೆಯಲ್ಲಿ ಐದು ವರ್ಷ ಇದ್ದೆ. ಕಾನ್ವೆಂಟ್ ಸಿಸ್ಟರ್ ಅಲ್ಲ, ವಾರ್ಡ್ ಸಿಸ್ಟರ್. ಯಾರನ್ನೂ ಪ್ರಾರ್ಥನೆಗೆ ಬಾ ಅನ್ನಲಿಲ್ಲ. ರಾತ್ರಿ ಹೆರಿಗೆ ಮಾಡಿಸಿದ ಮನೆಯವರು ತಾವಾಗಿ ಬಂದು ಕೇಳುತ್ತಿದ್ದರು, ಅಷ್ಟು ದೂರದಿಂದ ಯಾಕೆ ಬಂದೆ ಅಂತ. ಆಗ ಹೇಳುತ್ತಿದ್ದೆ.

ಖರ್ಚು ಕೇಳಿ. ಹಳದಿ ಜ್ವರದ ಚುಚ್ಚುಮದ್ದು ಕಡ್ಡಾಯ, ಹಾಕಿಸಿ ಹತ್ತು ದಿನ ಆದ ಮೇಲೇ ಆ ಕಾರ್ಡಿಗೆ ಬೆಲೆ. ಈಗ ಒಮ್ಮೆ ಹಾಕಿಸಿದರೆ ಜೀವನ ಪೂರ್ತಿ ನಡೆಯುತ್ತದೆ. ನನ್ನ ಕಾರ್ಡು ಕಂಪಾಲದ ಟ್ಯಾಕ್ಸಿಯಲ್ಲಿ ಬಿದ್ದುಹೋಯ್ತು. ರಜೆಗೆ ಬಂದರೆ ಬೆಂಗಳೂರಲ್ಲಿ ಆರು ದಿನ ಕೂಡಿಹಾಕಿದರು. ಇಪ್ಪತ್ತೆಂಟು ದಿನದ ರಜೆಯಲ್ಲಿ ಆರು ದಿನ! ಅಮ್ಮ ಗೇಟಿನ ಆಚೆ ಪತ್ರೊಡೆ ಡಬ್ಬಿ ಹಿಡಿದು ನಿಂತಿದ್ದರು, ಒಳಗೆ ಬಿಡಲಿಲ್ಲ. ಮಲೇರಿಯಾ ಹನ್ನೊಂದು ಸಲ ಬಂತು, ನಾನೇ ಲೆಕ್ಕ ಬರೆದಿಟ್ಟಿದ್ದೇನೆ. ಐದು ವರ್ಷ ಪಿಎಫ್ ಇಲ್ಲ. ನರ್ಸಿಂಗ್ ಕೌನ್ಸಿಲ್ ರಿನ್ಯೂವಲ್ ತಪ್ಪಿತು. ನಲವತ್ತೊಂದಕ್ಕೆ ವಾಪಸ್ ಬಂದಾಗ ಒಂದು ಖಾಸಗಿ ಆಸ್ಪತ್ರೆಯವರು ಹೊಸಬರ ಸಂಬಳ ಅಂದರು. ತಗೊಂಡೆ. ಇಷ್ಟಾದರೂ ಇನ್ನೊಮ್ಮೆ ಕರೆದರೆ ನಾಳೆಯೇ ಹೊರಡ್ತೇನೆ.

ಗದಗ ಬ್ರದರ್: ಅಕ್ಕ, ಕೈಯಲ್ಲಿ ಕೆಲಸ ಇಲ್ಲದೆ ಅಂದಿರಲ್ಲ. ನಾನು ಅಲ್ಲಿ ಹೊಲಿಗೆ ಕಲಿಸುತ್ತಿದ್ದೆ. ಆರು ಮೆಷಿನ್, ನನ್ನ ಹೆಂಡತಿಯ ಬಳೆ ಮಾರಿ ತಂದದ್ದು. ಅವು ಇನ್ನೂ ಅಲ್ಲೇ ಇವೆ. ಉಗಾಂಡದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಮೊದಲೇ ಕ್ರೈಸ್ತರು. ನಮ್ಮಂಥ ಕಡೆ ಬಂದು ನೋಡಿ ಮಾತಾಡಿ.

ಉಡುಪಿ ಅಕ್ಕ: ಮೊದಲೇ ಕ್ರೈಸ್ತರಾದರೆ ಹೆರಿಗೆ ನೋವು ಬರೋದಿಲ್ವಾ? ನೇಪಾಳದಲ್ಲೇ ನೋಡಿ. ತಾನ್ಸೆನ್‌ನಲ್ಲಿ ಆಸ್ಪತ್ರೆ ಕಟ್ಟಿದ ಯುನೈಟೆಡ್ ಮಿಷನ್ 1954ರಲ್ಲಿ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡೇ ಒಳಗೆ ಹೋದದ್ದು. ಮತಪ್ರಚಾರ ಮಾಡುವುದಿಲ್ಲ ಅಂತ. ಇವತ್ತಿಗೂ ಅಲ್ಲಿದ್ದಾರೆ. ನೀವು ಎಷ್ಟು ವರ್ಷ ಇದ್ದಿರಿ?

ಗದಗ ಬ್ರದರ್: ಎರಡು ವರ್ಷ ಮೂರು ತಿಂಗಳು. ಸಮಾಧಾನ ಆಯ್ತಾ?

ಟ್ರಂಕ್ ನಂಬರ್ 117: ನನ್ನದು ಮಗನ ಅನುಭವ. ಅಪ್ಪ ಅಮ್ಮ ಹನ್ನೆರಡು ವರ್ಷ ನೇಪಾಳದಲ್ಲಿ, ನಾನು ಎರಡನೇ ಕ್ಲಾಸಿನಿಂದ ತಮಿಳುನಾಡಿನ ಬೆಟ್ಟದ ಊರಿನ ಹಾಸ್ಟೆಲ್‌ನಲ್ಲಿ. ಮೇಲಿನ ಹೆಸರು ನನ್ನ ಟ್ರಂಕಿನ ನಂಬರ್. ಮೊದಲ ವರ್ಷ ಹಾಸಿಗೆ ಒದ್ದೆ ಮಾಡುತ್ತಿದ್ದೆ. ವಾರ್ಡನ್ ಚಾದರವನ್ನು ಎಲ್ಲರಿಗೂ ಕಾಣುವಂತೆ ಮೆಟ್ಟಿಲ ಕಂಬಿಯ ಮೇಲೆ ಒಣಹಾಕುತ್ತಿದ್ದರು. ಅಪ್ಪ ಊರಿನ ಸಭೆಯವರಿಗೆ ಬರೆಯುತ್ತಿದ್ದ ಪ್ರೇಯರ್ ಲೆಟರ್‌ನಲ್ಲಿ ಮಾತ್ರ ಪ್ರತಿ ಸಲ ಒಂದೇ ಸಾಲು: "ಮಗ ಹಾಸ್ಟೆಲ್‌ನಲ್ಲಿ ಸಂತೋಷವಾಗಿದ್ದಾನೆ." ಆ ಪತ್ರಗಳೆಲ್ಲಾ ನನ್ನ ಹತ್ತಿರ ಇವೆ. ಈಗ ನನಗೇ ಮಗ ಇದ್ದಾನೆ, ಅವನನ್ನು ಶಾಲೆಯ ಪಿಕ್ನಿಕ್‌ಗೂ ರಾತ್ರಿ ಬಿಡುವುದಿಲ್ಲ.

ಇದು ಹೊಸದೇನಲ್ಲ. ಹಿಂದೆ ಸ್ವಿಟ್ಜರ್ಲೆಂಡಿನಿಂದ ನಮ್ಮ ಕಡೆ ಬಂದ ಬಾಸೆಲ್ ಮಿಷನ್‌ನವರೂ ಹೀಗೇ ಮಾಡಿದ್ದು. ಇಲ್ಲಿ ಹುಟ್ಟಿದ ಮಕ್ಕಳನ್ನು ಆರೇಳು ವರ್ಷಕ್ಕೆ ಹಡಗು ಹತ್ತಿಸಿ ಬಾಸೆಲ್‌ನ ಮಕ್ಕಳ ಮನೆಗೆ ಕಳಿಸುತ್ತಿದ್ದರು.

ಬಲ್ಮಠ ಟೀಚರ್: ಅಷ್ಟಕ್ಕೆಲ್ಲಾ ಬಾಸೆಲ್ ಮಿಷನ್‌ನವರನ್ನು ಎಳೆಯಬೇಡಿ. 1834ರಲ್ಲಿ ಮೂರು ಜನ ಹಡಗಿನಲ್ಲಿ ಕಲ್ಲಿಕೋಟೆಗೆ ಬಂದು, ಅಲ್ಲಿಂದ ಮಂಗಳೂರಿಗೆ ಬಂದು ನೆಲೆಸಿದರು. ಶಾಲೆ, ಮಗ್ಗ, 1865ರಲ್ಲಿ ಹೆಂಚಿನ ಕಾರ್ಖಾನೆ. ಕ್ರೈಸ್ತರಾದವರನ್ನು ಅವರವರ ಮನೆಯವರೇ ಹೊರಹಾಕಿದಾಗ ಅನ್ನ ಕೊಟ್ಟದ್ದು ಆ ಹೆಂಚು. ನನ್ನ ಮುತ್ತಜ್ಜ ಅಲ್ಲೇ ಮಣ್ಣು ತುಳಿದವರು. ನಮ್ಮ ಮನೆ ಮಾಡಿನ ಹೆಂಚು ಇವತ್ತಿಗೂ ಸೋರಿಲ್ಲ. ಮತ್ತೆ ಭಾಷೆ! ಕಿಟೆಲ್ 1853ಕ್ಕೆ ಬಂದರು, ನಿಘಂಟು ಅಚ್ಚಾದದ್ದು 1894ಕ್ಕೆ. ಈಗಿನವರು ಮೂರು ವರ್ಷಕ್ಕೆ ಹೋಗಿ ಬರುತ್ತಾರಂತೆ. ಅದಕ್ಕೆ ಸೇವೆ ಅನ್ನುವುದೋ ಟೂರ್ ಅನ್ನುವುದೋ?

ಟ್ರಂಕ್ ನಂಬರ್ 117: ಟೀಚರ್, ಕಿಟೆಲ್ ನಲವತ್ತೊಂದು ವರ್ಷ ಇಲ್ಲೇ ಕೂತಿರಲಿಲ್ಲ. ನಡುವೆ ಜರ್ಮನಿಗೆ ಹೋಗಿ ಬಂದಿದ್ದಾರೆ, ನಿಘಂಟಿನ ಕೊನೆಯ ಕೆಲಸವೂ ಅಲ್ಲೇ. ನಾನು ಮಕ್ಕಳ ಬಗ್ಗೆ ಹೇಳಿದರೆ ನೀವು ಹೆಂಚಿನ ಬಗ್ಗೆ ಹೇಳ್ತೀರಿ.

ಬಲ್ಮಠ ಟೀಚರ್: ಹೆಂಚು ಅಂದರೆ ನಿಮಗೆ ತಮಾಷೆ.

ಗದಗ ಬ್ರದರ್: ಭಾಷೆ ವಿಷಯದಲ್ಲಿ ಟೀಚರ್ ಹೇಳಿದ್ದು ಸರಿ. ನಾನು ಹಿಂದಿಯಲ್ಲಿ ನಡೆಸಬಹುದು ಅಂದುಕೊಂಡಿದ್ದೆ. ಹಿಂದಿ ಎಲ್ಲರಿಗೂ ಅರ್ಥ ಆಗುತ್ತದೆ, ಆದರೆ ಮುಖ ಗಂಟಾಗುತ್ತದೆ. ಆಮೇಲೆ ಅರ್ಧಂಬರ್ಧ ನೇಪಾಳಿ ಕಲಿತು ಎಪ್ಪತ್ತರ ಮುದುಕರಿಗೆ "ತಿಮಿ" ಅಂದೆ. ಹಿರಿಯರಿಗೆ "ತಪಾಯಿ" ಅನ್ನಬೇಕು. ಅಂದರೆ ನಾನು ಅಜ್ಜನಿಗೆ "ಏನೋ, ಬಾರೋ" ಅಂದ ಹಾಗಾಯ್ತು. ಪೂರ್ತಿ ನೇಪಾಳಿ ಬೈಬಲ್ 1914ಕ್ಕೇ ಬಂದಿತ್ತು, ಅನುವಾದ ನಡೆಸಿದ್ದು ಗಂಗಾಪ್ರಸಾದ್ ಪ್ರಧಾನ್, ನೇಪಾಳದವರೇ. ಸಭೆಗಳನ್ನು ಕಟ್ಟಿದ್ದೂ ನಡೆಸುವುದೂ ಅವರೇ. ನಾವು ಹೋಗಿ ಕಲಿಸಬೇಕಾದ್ದು ಜಾಸ್ತಿ ಏನಿಲ್ಲ.

ಸಭೆಯ ಖಜಾಂಚಿ: ಹೋದವರ ಕಷ್ಟ ಎಲ್ಲರೂ ಹೇಳಿದಿರಿ, ಕಳಿಸಿದವರದ್ದು ಕೇಳಿ. ನಮ್ಮ ಸಭೆಯಿಂದ ಒಂದು ಕುಟುಂಬವನ್ನು ಕಳಿಸಿದೆವು. ಕೂಟದ ದಿನ ಭಾವುಕರಾಗಿ ಕೈ ಎತ್ತಿದವರು 38 ಮನೆಯವರು, ತಿಂಗಳಿಗೆ 700 ಕೊಡ್ತೇವೆ ಅಂತ. 26,600 ಬರಬೇಕು. ಮೊದಲ ತಿಂಗಳು 35 ಮನೆ. ಮಳೆಗಾಲಕ್ಕೆ 22. ವರ್ಷ ತುಂಬುವಾಗ 11, ಅಂದರೆ 7,700. ಅದರಲ್ಲಿ ಎರಡು ನನ್ನ ಮನೆಯವು, ತಮ್ಮನದು ಸೇರಿ. ಕೊನೆಗೆ ಬಣ್ಣ ಹೊಡೆಯುವ ನಿಧಿಯಿಂದ ತೆಗೆದು ಕಳಿಸಿದೆ. ಅದಕ್ಕೆ ವಾರ್ಷಿಕ ಸಭೆಯಲ್ಲಿ ನನ್ನನ್ನು ಕಳ್ಳ ಅಂದರು.

ಗದಗ ಬ್ರದರ್: ಅಂಕಲ್, ಲೆಕ್ಕ ಗುರುತು ಸಿಕ್ಕಿತು. ಆ ಕುಟುಂಬ ನಮ್ಮದೇ. ನೀವು ಕಳಿಸಿದ್ದು ಕೊನೆಯ ಐದು ತಿಂಗಳಲ್ಲಿ ಮೂರು ಸಲ.

ಸಭೆಯ ಖಜಾಂಚಿ: ನಾಲ್ಕು ಸಲ. ರಸೀದಿ ಇದೆ.

ಗದಗ ಬ್ರದರ್: ನಾಲ್ಕನೆಯದು ನಾನು ವಾಪಸ್ ಬಂದ ಮೇಲೆ ಬಂತು.

ಹುಬ್ಬಳ್ಳಿ ದಂಪತಿ: ಎಲ್ಲರಿಗೂ ಥ್ಯಾಂಕ್ಸ್. ಮಗಳ ಶಾಲೆ ಬಗ್ಗೆ ಯಾರಾದ್ರೂ...

ಟ್ರಂಕ್ ನಂಬರ್ 117: ಜೊತೆಗೇ ಕರೆದುಕೊಂಡು ಹೋಗಿ. ಆಗಲ್ಲ ಅಂದರೆ ನೀವೂ ಹೋಗಬೇಡಿ.

ಉಡುಪಿ ಅಕ್ಕ: ಹೆಂಡತಿಯ ನರ್ಸಿಂಗ್ ಕೌನ್ಸಿಲ್ ರಿನ್ಯೂವಲ್ ಯಾವಾಗ ಇದೆ? ಇವತ್ತೇ ನೋಡಿ.

ಬಲ್ಮಠ ಟೀಚರ್: ನಿಘಂಟಿನ ಕೊನೆಯ ಕೆಲಸ ಎಲ್ಲಾದರೂ ಆಗಿರಲಿ, ಅಚ್ಚಾದದ್ದು ಮಂಗಳೂರಲ್ಲೇ.