ಎತ್ತರಿಸಿದ ಥಾರ್‌ನಲ್ಲಿ ಸಿ.ವಿ. ಬೂಟ್ ಮತ್ತೆ ಮತ್ತೆ ಹರಿಯುತ್ತಿದೆ: ಅನುಭವವಿದ್ದವರು ದಯವಿಟ್ಟು ತಿಳಿಸಿ

ಕಾರ್ಕಳ (ಪ್ರಶ್ನೆ)
ನನ್ನದು 2021ರ ಡೀಸೆಲ್ ಥಾರ್. ಹೆಬ್ರಿಯ ಸಮೀಪ ನಮ್ಮ ಅಡಿಕೆ ತೋಟಕ್ಕೆ ಹೋಗುವ ಎರಡು ಕಿಲೋಮೀಟರ್ ಮುರಕಲ್ಲಿನ ದಾರಿಯಲ್ಲಿ ಗಾಡಿಯ ಅಡಿ ತಾಗುತ್ತಿದ್ದುದರಿಂದ, ಕಳೆದ ನವೆಂಬರಿನಲ್ಲಿ ಎದುರಿನ ಶಾಕ್‌ಗಳ ಮೇಲೆ, ಗಾಡಿಯನ್ನು ಎತ್ತರಿಸುವ ಎರಡು ಇಂಚಿನ ಸ್ಪೇಸರ್ ಬಿಲ್ಲೆ ಹಾಕಿಸಿದೆ. ಏಳು ತಿಂಗಳಲ್ಲಿ ಬಲಗಡೆಯ ಹೊರಬೂಟ್ (ಚಕ್ರವನ್ನು ತಿರುಗಿಸುವ ಶಾಫ್ಟಿನಲ್ಲಿ, ಚಕ್ರದ ಕಡೆಯ ಸಿ.ವಿ. ಜಾಯಿಂಟನ್ನೂ ಅದರ ಗ್ರೀಸನ್ನೂ ಮುಚ್ಚಿಡುವ ಮಡಿಕೆಗಳುಳ್ಳ ರಬ್ಬರ್ ಚೀಲ) ಹರಿಯಿತು. ಅದನ್ನು ಬದಲಿಸಿ ಹತ್ತು ವಾರವಾಗುವಷ್ಟರಲ್ಲಿ ಎಡಗಡೆಯ ಒಳಬೂಟಿನಿಂದ (ಶಾಫ್ಟಿನ ಇನ್ನೊಂದು ತುದಿಯದು) ಗ್ರೀಸ್ ಹಾರಿ ಛಾಸಿಗೆಲ್ಲ ಮೆತ್ತಿಕೊಂಡಿದೆ. ಒಳ್ಳೆಯ ಬೂಟ್ ಹುಡುಕಬೇಕೇ, ಡಿಫ್ (ಎಂಜಿನ್ನಿನ ಶಕ್ತಿಯನ್ನು ಎರಡೂ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್) ಇಳಿಸಬೇಕೇ, ಅಥವಾ ಬೇರೆ ದಾರಿ ಇದೆಯೇ?

ಮೂಡುಬಿದಿರೆ
ಇದೇ ವಿಷಯದಲ್ಲಿ ಹದಿನಾಲ್ಕು ತಿಂಗಳಲ್ಲಿ 32,360 ರೂಪಾಯಿ ಕಳೆದುಕೊಂಡವನು ನಾನು, ಆದುದರಿಂದ ಲೆಕ್ಕವನ್ನು ಪೂರ್ತಿಯಾಗಿಯೇ ಬರೆಯುತ್ತೇನೆ. ಮೊದಲ ಬೂಟ್ ಬದಲಿಸುವಾಗ ಬೂಟಿಗೆ 1,350, ಗ್ರೀಸಿಗೆ 280, ಕೂಲಿಗೆ 1,800 ಆಯಿತು. ಆ ಗ್ಯಾರೇಜಿನಲ್ಲಿ ಬೂಟಿನ ಕ್ಲ್ಯಾಂಪ್ ಬಿಗಿಯುವ ಇಕ್ಕುಳ ಇರಲಿಲ್ಲವೆಂದು ನೀರಿನ ಪೈಪಿಗೆ ಹಾಕುವ ಸ್ಕ್ರೂ ಕ್ಲಿಪ್ಪನ್ನೇ ಹಾಕಿ ಕಳುಹಿಸಿದರು. ಆರು ವಾರಗಳಲ್ಲಿ ಅದು ಸಡಿಲಗೊಂಡು ಗ್ರೀಸ್ ಸೋರತೊಡಗಿತು. ನಾನು ಅದನ್ನು ಕಂಡಿದ್ದೆ, ಆದರೆ ತಂಗಿಯ ಮದುವೆಯ ಓಡಾಟದಲ್ಲಿ ಹತ್ತೊಂಬತ್ತು ದಿನ ಮುಂದೂಡಿದೆ. ಅದು ಜೂನ್ ತಿಂಗಳು. ಗುರುಪುರ ಕೈಕಂಬದಲ್ಲಿ ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ಗಾಡಿ ಹೊರಳಿಸುವಾಗ ಕಟಕಟ ಸದ್ದು ಕೇಳಿದ ಕ್ಷಣ ನನಗೆ ಇಂದಿಗೂ ನೆನಪಿದೆ. ಜಾಯಿಂಟ್ ಬಿಚ್ಚಿ ನೋಡಿದರೆ ಕಪ್ಪು ಗ್ರೀಸ್ ಇಟ್ಟಿಗೆಯ ಕೆಸರಿನಂತಾಗಿತ್ತು, ಗುಂಡುಗಳು ಓಡುವ ಹಾದಿಯಲ್ಲೆಲ್ಲ ಗುಳಿ ಬಿದ್ದಿತ್ತು. ಇಡೀ ಶಾಫ್ಟಿಗೆ 16,400, ಕೂಲಿಗೆ 2,200, ಶಾಫ್ಟ್ ಎಳೆದಾಗ ಚೆಲ್ಲಿದ ಡಿಫ್ ಆಯಿಲಿಗೆ 900. ಆಮೇಲೆ ಇನ್ನೊಂದು ಬದಿ ಹರಿದಾಗ, ಶಾಫ್ಟ್ ಬಿಚ್ಚದೆ ಅಂಟಿಸುವ ಸೀಳುಬೂಟನ್ನು ಕೂಲಿ ಸೇರಿ 1,300ಕ್ಕೆ ಹಾಕಿಸಿದೆ. ಅದು ಬಾಳಿದ್ದು ಹನ್ನೊಂದು ದಿನ. ಮತ್ತೆ ಸರಿಯಾದ ಬೂಟಿಗೆ 3,430.

ಕೊನೆಗೆ 4,700 ಖರ್ಚು ಮಾಡಿ ಸ್ಪೇಸರನ್ನು ಅರ್ಧಕ್ಕೆ ಇಳಿಸಿ ಅಲೈನ್‌ಮೆಂಟ್ ಮಾಡಿಸಿದೆ. ಅಂದಿನಿಂದ 26,000 ಕಿಲೋಮೀಟರ್ ಓಡಿದೆ, ಬೂಟಿನ ಮೇಲೆ ಒಂದು ಬಿರುಕೂ ಇಲ್ಲ. ಬೂಟನ್ನು ಹರಿಯುವುದು ಶಾಫ್ಟಿನ ಕೋನವೇ ಹೊರತು ಕಲ್ಲಲ್ಲ.

ಕುಂದಾಪುರ
ಕೋನದ ವಿಷಯದಲ್ಲಿ ಮೂಡುಬಿದಿರೆಯವರ ಮಾತು ಸರಿ, ಆದರೆ ಎತ್ತರವನ್ನೇ ಬಿಟ್ಟುಕೊಡುವುದು ಸೋಲೊಪ್ಪಿಕೊಂಡಂತೆ. ನನ್ನದು ಇಸುಜು ವಿ-ಕ್ರಾಸ್. ಎರಡು ಇಂಚು ಎತ್ತರಿಸಿದ ಮೇಲೆ ಎದುರಿನ ಡಿಫ್ ಅನ್ನು 25 ಮಿಲಿಮೀಟರ್ ಕೆಳಗಿಳಿಸಿದ್ದೇನೆ. ಚಕ್ರ ಇದ್ದಲ್ಲಿಯೇ ಇದ್ದು ಡಿಫ್ ಮಾತ್ರ ಗಾಡಿಯೊಂದಿಗೆ ಮೇಲೇರುವುದರಿಂದ ಶಾಫ್ಟ್ ಓರೆಯಾಗುತ್ತದೆ, ಬೂಟಿನ ಮಡಿಕೆಗಳು ಒಂದು ಬದಿಯಲ್ಲಿ ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ನನ್ನ ಟೈರಿನ ಸುತ್ತಳತೆ ಸುಮಾರು 2.4 ಮೀಟರ್. ಹೆದ್ದಾರಿಯಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತದೆ, ಪ್ರತಿ ಸುತ್ತಿಗೂ ಆ ಮಡಿಕೆಗಳು ಪರಸ್ಪರ ಉಜ್ಜಿಕೊಳ್ಳುತ್ತವೆ. ಎದುರಿನ ಹಬ್ ಅನ್ನು (ಚಕ್ರದ ನಡುಭಾಗವನ್ನು) ಶಾಫ್ಟಿನಿಂದ ಬಿಡಿಸುವ ವ್ಯವಸ್ಥೆ ಇಲ್ಲದ ಗಾಡಿಗಳಲ್ಲಿ ಟೂ ವೀಲ್ ಡ್ರೈವಿನಲ್ಲಿಯೂ ಶಾಫ್ಟ್ ಚಕ್ರದೊಂದಿಗೆ ತಿರುಗುತ್ತಲೇ ಇರುತ್ತದೆ. ಆದುದರಿಂದ ತಮ್ಮ ಬೂಟನ್ನು ತೋಟದ ದಾರಿಗಿಂತ ಹೆಚ್ಚಾಗಿ ಕಾರ್ಕಳದಿಂದ ಮಂಗಳೂರಿಗೆ ಹೋಗಿಬರುವ ರಸ್ತೆಯೇ ತಿನ್ನುತ್ತಿದೆ. ಡಿಫ್ ಇಳಿಸಿದಾಗ ಅಡಿಯ ರಕ್ಷಣಾ ತಗಡನ್ನೂ ಅಷ್ಟೇ ಇಳಿಸಬೇಕು ಎಂಬುದು ನಿಜ, ಆದರೆ ನನಗೆ ನಾಲ್ಕು ಮಳೆಗಾಲ ಒಂದೇ ಬೂಟಿನಲ್ಲಿ ಕಳೆದಿದೆ.

ಬೆಳ್ತಂಗಡಿ
ಇಷ್ಟೆಲ್ಲ ಖರ್ಚು ಮಾಡುವ ಬದಲು ಇಡಿಯ ಆ್ಯಕ್ಸಲ್ ಇರುವ ಗಾಡಿಯನ್ನು ಕೊಳ್ಳಬಾರದೇಕೆ? ನನ್ನ 1998ರ ಜಿಪ್ಸಿಯಲ್ಲಿ ಹರಿಯಲು ರಬ್ಬರ್ ಬೂಟೇ ಇಲ್ಲ. ಸಿ.ವಿ. ಜಾಯಿಂಟ್ ಉಕ್ಕಿನ ಗೋಳದೊಳಗೆ ಭದ್ರವಾಗಿ ಕುಳಿತಿದೆ. ಗಾಡಿಯನ್ನು ಎಷ್ಟು ಎತ್ತರಿಸಿದರೂ ಅದರ ಕೋನ ಬದಲಾಗುವುದಿಲ್ಲ, ಏಕೆಂದರೆ ಡಿಫ್ ಮತ್ತು ಚಕ್ರ ಒಂದೇ ಆ್ಯಕ್ಸಲಿನ ಭಾಗಗಳು. ಜಿಮ್ನಿಯಲ್ಲಿಯೂ ಹಾಗೆಯೇ. ಇಪ್ಪತ್ತು ವರ್ಷಗಳಲ್ಲಿ ಗೋಳದ ಸೀಲ್‌ಗಳನ್ನು ಮೂರು ಸಲ, ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕೀಲಾದ ಕಿಂಗ್ ಪಿನ್ನಿನ ಬೇರಿಂಗನ್ನು ಎರಡು ಸಲ ಬದಲಿಸಿದ್ದೇನೆ, ಅಷ್ಟೇ.

ಮೂಡುಬಿದಿರೆ
ಅವರು ಕೇಳಿದ್ದು ತಮ್ಮಲ್ಲಿರುವ ಗಾಡಿಯ ಬೂಟನ್ನು ಉಳಿಸಿಕೊಳ್ಳುವುದು ಹೇಗೆ ಎಂದು, ಗಾಡಿ ಮಾರುವುದು ಹೇಗೆ ಎಂದಲ್ಲ. ಸಾಲದ ಕಂತು ಕಟ್ಟುತ್ತಿರುವವರಿಗೆ ‘ಬೇರೆ ಗಾಡಿ ಕೊಳ್ಳಿ’ ಎಂದು ಹೇಳುವುದು ಬಹಳ ಸುಲಭ. ಗೋಳದ ಸೀಲ್ ಹೋದರೆ ಒಳಗೆ ಹೊಳೆಯ ನೀರು ಸೇರಿ ಬೇರಿಂಗ್ ತುಕ್ಕು ಹಿಡಿಯುತ್ತದೆ ಎಂಬುದನ್ನೂ ತಾವು ಬರೆಯಬೇಕಿತ್ತು.

ಬೆಳ್ತಂಗಡಿ
ನಾನು ಒಳ್ಳೆಯ ಮನಸ್ಸಿನಿಂದಲೇ ಬರೆದದ್ದು. ತಾವು ಇಷ್ಟು ಖಾರವಾಗಿ ಉತ್ತರಿಸಿದ್ದರಿಂದ ಒಂದು ಮಾತು ಹೇಳಲೇಬೇಕಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ನಮೂದಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಅದನ್ನೇ ಎತ್ತಿಹಿಡಿದಿದೆ. ನಾಳೆ ಅಪಘಾತವಾಗಿ ವಿಮೆಯವರು ತಕರಾರು ತೆಗೆದರೆ ಬೂಟಿನ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಜಿಪ್ಸಿಯನ್ನು ನಾನು ಕಾರ್ಖಾನೆಯಿಂದ ಬಂದ ಎತ್ತರದಲ್ಲಿಯೇ ಇಟ್ಟುಕೊಂಡಿದ್ದೇನೆ.

ಮಂಗಳೂರು
ನಾನು ಹದಿನೆಂಟು ವರ್ಷಗಳಿಂದ ಗ್ಯಾರೇಜ್ ಕೆಲಸದಲ್ಲಿದ್ದೇನೆ, ನೂರಾರು ಬೂಟ್ ಬದಲಿಸಿದ್ದೇನೆ. ಹೊಸ ಬೂಟೂ ಬೇಗ ಹಾಳಾಗುವುದಕ್ಕೆ ಅರ್ಧ ಕಾರಣ ಅದನ್ನು ಕೂರಿಸುವ ರೀತಿ. ದೊಡ್ಡ ಬಾಯಿಯನ್ನು ಬಿಗಿದ ಮೇಲೆ ಚಿಕ್ಕ ಬಾಯಿಯೊಳಗೆ ಸಣ್ಣ ಸ್ಕ್ರೂ ಡ್ರೈವರನ್ನು ತೂರಿಸಿ ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಬಿಡಬೇಕು, ಇಲ್ಲವಾದರೆ ಬಿಸಿಯಾದಾಗ ಬೂಟ್ ಉಬ್ಬಿ ಮಡಿಕೆಗಳು ಇನ್ನಷ್ಟು ಉಜ್ಜುತ್ತವೆ. ಕಿವಿಯಿರುವ ಉಕ್ಕಿನ ಕ್ಲ್ಯಾಂಪನ್ನೇ ಬಳಸಬೇಕು. ಎತ್ತರಿಸಿದ ಗಾಡಿಯಾದರೆ ಒಳಬೂಟಿನ ಚಿಕ್ಕ ಬಾಯಿಯನ್ನು ಶಾಫ್ಟಿನ ಮೇಲೆ ಚಕ್ರದ ಕಡೆಗೆ ಸ್ವಲ್ಪ ಸರಿಸಿ ಬಿಗಿಯುತ್ತೇನೆ. ಹಾಗೆ ಮಾಡಿದರೆ ಮಡಿಕೆಗಳ ನಡುವೆ ಎಡೆ ಸಿಗುತ್ತದೆ.

ಇನ್ನೊಂದು ಮಾತನ್ನು ನಮ್ಮ ಕರಾವಳಿಯವರು ಕೇಳಲೇಬೇಕು. ಮಳೆಗಾಲಕ್ಕೆ ಮೊದಲು ಸರ್ವಿಸ್ ಸ್ಟೇಷನ್ನಿನಲ್ಲಿ ಗಾಡಿಯ ಅಡಿಗೆ ಡೀಸೆಲ್ ಅಥವಾ ಸುಟ್ಟ ಆಯಿಲ್ ಹೊಡೆಸುವ ರೂಢಿಯನ್ನು ಬಿಡಿ. ಡೀಸೆಲ್ ತಾಗಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಕೋನ ಹೆಚ್ಚಿರುವ ಬೂಟಿಗೆ ಅದು ದುಪ್ಪಟ್ಟು ಪೆಟ್ಟು. ಮಡಿಕೆಗಳಿಗೆ ಏನಾದರೂ ಹಚ್ಚಲೇಬೇಕಾದರೆ ಸಿಲಿಕೋನ್ ಸ್ಪ್ರೇ ಹಚ್ಚಿ.

ಮಲ್ಪೆ
ಬಂದರಿನ ಪಕ್ಕದಲ್ಲಿ ಬದುಕುವವರ ಕಷ್ಟ ತಮಗೆ ತಿಳಿದಿಲ್ಲ. ನನ್ನ ಹಿಂದಿನ ಗಾಡಿಯ ಛಾಸಿ ಉಪ್ಪುಗಾಳಿಗೆ ಒಂಬತ್ತೇ ವರ್ಷಗಳಲ್ಲಿ ತೂತುಬಿದ್ದು, ವೆಲ್ಡಿಂಗಿಗೆ 41,000 ರೂಪಾಯಿ ಕೊಟ್ಟೆ. ಆಯಿಲ್ ಹೊಡೆಸತೊಡಗಿದ ಮೇಲೆ ಈಗಿನ ಗಾಡಿ ಹನ್ನೆರಡು ವರ್ಷ ಕಳೆದರೂ ಗಟ್ಟಿಯಾಗಿದೆ. ಬೂಟ್ ಹೋದರೆ ಬೂಟ್ ಹಾಕಬಹುದು, ಛಾಸಿ ಹೋದರೆ ಏನು ಹಾಕುತ್ತೀರಿ?

ಮಂಗಳೂರು
ಛಾಸಿಗೆ ಮೇಣದಂತಹ ತುಕ್ಕುನಿರೋಧಕ ಲೇಪನವನ್ನು ಬ್ರಷ್ ಹಿಡಿದು ಹಚ್ಚಬಹುದು. ರಬ್ಬರ್ ಇರುವ ಕಡೆ ಪ್ಲಾಸ್ಟಿಕ್ ಕಟ್ಟಿ ಮುಚ್ಚಬಹುದು. ಎಲ್ಲದರ ಮೇಲೂ ಒಂದೇ ಗನ್ನಿನಿಂದ ಸಿಂಪಡಿಸುವುದನ್ನು ಮಾತ್ರ ನಾನು ವಿರೋಧಿಸುವುದು. ತಮ್ಮ ಗಾಡಿಯನ್ನು ಎತ್ತರಿಸಿಲ್ಲವಾದರೆ ತಮಗೆ ಅದರ ಪರಿಣಾಮ ಕಂಡಿರಲಾರದು.

ಕುಂದಾಪುರ
ಒಳಬೂಟನ್ನು ಸರಿಸುವ ಉಪಾಯವನ್ನು ನಾನು ಒಪ್ಪುವುದಿಲ್ಲ. ನನ್ನ ಸ್ನೇಹಿತರೊಬ್ಬರಿಗೆ ಹಾಗೆ ಮಾಡಿಕೊಟ್ಟಿದ್ದರು. ಚಿಕ್ಕ ಬಾಯಿ ತನ್ನ ತೋಡಿನಲ್ಲಿ ಕೂರದೆ ಜಾರಿ, ಚಾರ್ಮಾಡಿ ಘಾಟಿಯ ನಡುವೆ ಗ್ರೀಸೆಲ್ಲ ಹೊರಬಂದಿತ್ತು. ಡಿಫ್ ಇಳಿಸಿದರೆ ಇಂತಹ ತೇಪೆಯ ಕೆಲಸಗಳೇ ಬೇಡ.

ಮಂಗಳೂರು
ಶಾಫ್ಟಿನ ಮೇಲಿನ ಗ್ರೀಸನ್ನು ಒಂದಿಷ್ಟೂ ಉಳಿಯದಂತೆ ಒರೆಸದೆ ಕ್ಲ್ಯಾಂಪ್ ಬಿಗಿದರೆ ಜಾರುತ್ತದೆ. ಅದು ಕೈಯ ತಪ್ಪು, ಉಪಾಯದ ತಪ್ಪಲ್ಲ. ಹದಿನೆಂಟು ವರ್ಷದ ಕೆಲಸವನ್ನು ತೇಪೆ ಎಂದು ಕರೆದುದಕ್ಕೆ ನನಗೆ ನೋವಾಗಿದೆ. ತಮ್ಮ ಡಿಫ್ ಇಳಿಸುವ ಕಿಟ್ ಎಲ್ಲ ಗಾಡಿಗಳಿಗೂ ಸಿಗುವುದಿಲ್ಲ ಎಂಬುದನ್ನಾದರೂ ಒಪ್ಪಿಕೊಳ್ಳಿ.

ಕಾರ್ಕಳದವರಿಗೆ ಒಂದು ಪ್ರಶ್ನೆ. ತಾವು ಎರಡು ಇಂಚಿನ ಸ್ಪೇಸರ್ ಎಂದು ಬರೆದಿದ್ದೀರಿ. ಗಾಡಿ ಏರಿದ್ದು ಎಷ್ಟು? ಇಂತಹ ಸಸ್ಪೆನ್ಷನ್ನಿನಲ್ಲಿ ಶಾಕ್ ಕೂರುವುದು ಕೆಳತೋಳಿನ ನಡುವೆ, ಚಕ್ರ ಇರುವುದು ತೋಳಿನ ತುದಿಯಲ್ಲಿ. ಆದುದರಿಂದ ಸ್ಪೇಸರಿನ ದಪ್ಪಕ್ಕಿಂತ ಹೆಚ್ಚೇ ಗಾಡಿ ಏರುತ್ತದೆ. ಹಬ್ಬಿನ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದು, ಎತ್ತರಿಸದ ಥಾರ್ ಒಂದರ ಅಳತೆಯೊಂದಿಗೆ ಹೋಲಿಸಿ. ಆಮೇಲೆ ಜ್ಯಾಕ್ ಕೊಟ್ಟು ಚಕ್ರವನ್ನು ನೇತುಬಿಟ್ಟು ಕೈಯಿಂದ ತಿರುಗಿಸಿ ನೋಡಿ. ಎಲ್ಲಿಯಾದರೂ ಹಿಡಿದುಕೊಂಡರೆ ಜಾಯಿಂಟ್ ತನ್ನ ಮಿತಿ ಮುಟ್ಟಿದೆ ಎಂದು ಅರ್ಥ.

ಕಾರ್ಕಳ
ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ನೆರೆಮನೆಯವರ ಥಾರ್ ಜೊತೆ ಹೋಲಿಸಿ ಅಳೆದೆ. ನನ್ನದು ಮೂರೂಕಾಲು ಇಂಚು ಹೆಚ್ಚಿದೆ. ಎರಡು ಇಂಚು ಮಾತ್ರ ಏರಿದೆಯೆಂದೇ ಇಷ್ಟು ದಿನ ನಂಬಿದ್ದೆ. ನೇತುಬಿಟ್ಟ ಚಕ್ರ ಎರಡೂ ಬದಿಯಲ್ಲಿ ಒಂದು ಕಡೆ ಹಿಡಿದುಕೊಳ್ಳುತ್ತದೆ. ಟಾರ್ಚ್ ಹಿಡಿದು ನೋಡಿದಾಗ ಹೊಸದಾಗಿ ಹಾಕಿದ ಬಲಗಡೆಯ ಬೂಟಿನಲ್ಲಿಯೂ ದೊಡ್ಡ ಬಾಯಿಯ ಬಳಿಯ ಮಡಿಕೆಗಳು ಆಗಲೇ ನುಣುಪಾಗಿ ಸವೆದಿವೆ. ಶನಿವಾರ ಒಂದು ಇಂಚಿನ ಸ್ಪೇಸರ್ ಹಾಕಿಸಿ ಎಡಗಡೆಯ ಒಳಬೂಟನ್ನು ಬದಲಿಸಲು ತೀರ್ಮಾನಿಸಿದ್ದೇನೆ. ಬಲಗಡೆಯದನ್ನೂ ಈಗಲೇ ಬದಲಿಸಬೇಕೇ?

ಮೂಡುಬಿದಿರೆ
ಬದಲಿಸಿ. ಕೂಲಿಗೆಂದು 1,800 ರೂಪಾಯಿ ಉಳಿಸಲು ಹೋದರೆ ಮುಂದೆ ಶಾಫ್ಟಿಗೇ ಕೊಡಬೇಕಾಗುತ್ತದೆ. ಗ್ಯಾರೇಜಿಗೆ ಹೋಗುವ ಮೊದಲು ಅವರಲ್ಲಿ ಕ್ಲ್ಯಾಂಪ್ ಬಿಗಿಯುವ ಇಕ್ಕುಳ ಇದೆಯೇ ಎಂದು ಫೋನಿನಲ್ಲಿ ಕೇಳಿಕೊಳ್ಳಿ.