ಬ್ರೇಕಿಲ್ಲದ ಗಾಡಿ, ಲೆಕ್ಕ ತಪ್ಪದ ಅಪ್ಪಂದಿರು

ಶ್ಯಾಮು: ಮಣ್ಣಿನ ಟ್ರ್ಯಾಕ್‌ನ ಬೈಕ್ ರೇಸ್ ಸ್ಪೀಡ್‌ವೇ ಇದೆಯಲ್ಲ, ಅದರ ಬ್ರಿಟಿಷ್ ಲೀಗ್ ಪ್ರೀಮಿಯರ್‌ಶಿಪ್‌ನ 2021ರಲ್ಲಿ ಪೀಟರ್‌ಬರೋ ಪ್ಯಾಂಥರ್ಸ್ ತಂಡ ಗೆದ್ದಿದ್ದು ಬರೀ ಅದೃಷ್ಟ. ನಾನು ಹೇಳೋದು ಇಷ್ಟೇ.

ಗುಂಡಣ್ಣ: ಇಷ್ಟೇ ಹೇಳಿ ಸುಮ್ಮನಾಗೋನಾಗಿದ್ರೆ ನಿನ್ನನ್ನ ಹರಟೆಗೆ ಯಾರಪ್ಪ ಕರೀತಿದ್ರು? ಮೇ ತಿಂಗಳಿಂದ ಅಕ್ಟೋಬರ್‌ವರೆಗೂ ಯಾರಿಗಾದ್ರೂ ಅದೃಷ್ಟ ಸಂಬಳವಿಲ್ಲದೆ ದುಡಿಯುತ್ತಾ?

ಶ್ಯಾಮು: ತಂಡ ನೋಡಿ ಸ್ವಾಮಿ! ಸ್ಕಾಟ್ ನಿಕೋಲ್ಸ್, ಬಿಯಾರ್ನೆ ಪೆಡರ್ಸನ್ ಇಬ್ಬರೂ 1978ರಲ್ಲಿ ಹುಟ್ಟಿದೋರು. ಹ್ಯಾನ್ಸ್ ಆಂಡರ್ಸನ್ 1980, ಉಲ್ರಿಚ್ ಓಸ್ಟರ್‌ಗಾರ್ಡ್ 1981, ಕ್ರಿಸ್ ಹ್ಯಾರಿಸ್ 1982. 'ಅಪ್ಪಂದಿರ ಪಡೆ' ಅಂತ ಜನ ಸುಮ್ಮನೆ ಆಡಿಕೊಂಡ್ರಾ? ಎದುರಾಳಿ ಬೆಲ್ ವ್ಯೂ ತಂಡದಲ್ಲಿ ಡ್ಯಾನ್ ಬ್ಯೂಲಿಗೆ 22 ವರ್ಷ. ಜೊತೆಗೆ ಬ್ರೇಡಿ ಕರ್ಟ್ಜ್ ಬೇರೆ.

ಸರೋಜ: ಆ ಲೆಕ್ಕಕ್ಕೆ ಇಪ್ಸ್‌ವಿಚ್ ತಂಡದ ಜೇಸನ್ ಕ್ರಂಪ್ ಮುತ್ತಾತ ಆಗಬೇಕು. 1975ರಲ್ಲಿ ಹುಟ್ಟಿದ್ದು. ಮೂರು ಸಲ ವಿಶ್ವ ಚಾಂಪಿಯನ್ ಆಗಿ, ನಿವೃತ್ತಿನೂ ಆಗಿ, ಮತ್ತೆ ಬಂದು ಅದೇ ಸೀಸನ್‌ನಲ್ಲಿ ಓಡಿಸಿದ. ವಯಸ್ಸಿನ ಮಾತು ಬಿಡು ಶ್ಯಾಮು, ಅವರೇಜ್ ಮಾತಾಡು.

ವೆಂಕಿ: ಬಂತಪ್ಪ ಅವರೇಜು! ಈ ಆಟ ನೋಡೋಕೆ ಟಿಕೆಟ್ ಜೊತೆ ಕ್ಯಾಲ್ಕುಲೇಟರೂ ಕೊಡಬೇಕು.

ಸರೋಜ: ಅಂಕಕ್ಕೆ ಬೋನಸ್ ಕೂಡಿಸು, ಓಡಿದ ಹೀಟ್‌ಗಳಿಂದ (ಪಂದ್ಯದ ಒಂದೊಂದು ಓಟಕ್ಕೂ ಹೀಟ್ ಅಂತಾರೆ) ಭಾಗಿಸು, ನಾಲ್ಕರಿಂದ ಗುಣಿಸು. 20 ಹೀಟ್‌ನಲ್ಲಿ 30 ಅಂಕ, 4 ಬೋನಸ್ ಅಂದ್ರೆ 34 ಭಾಗಿಸು 20, ಅದು 1.7. ನಾಲ್ಕರಿಂದ ಗುಣಿಸಿದ್ರೆ 6.80. ಸೀಸನ್‌ಗೆ ಮುಂಚೆ ತಂಡ ಕಟ್ಟುವಾಗ ಎಲ್ಲರ ಅವರೇಜ್ ಕೂಡಿಸಿದ್ರೆ ನಿಗದಿ ಮಾಡಿದ ಮಿತಿ ಮೀರಬಾರದು. ಹಾಗಾಗಿ ಐದು ಹುಲಿ ತಂದು ಕಟ್ಟೋ ಹಾಗಿಲ್ಲ.

ಗುಂಡಣ್ಣ: ಅಲ್ಲೇ ಇರೋದು ಗುಟ್ಟು. ಒಂದು ಕಾಲದಲ್ಲಿ ಒಂಬತ್ತರ ಮೇಲಿದ್ದವನ ಅವರೇಜ್ ವಯಸ್ಸಾಗ್ತಾ ಏಳಕ್ಕೋ ಆರಕ್ಕೋ ಇಳಿದಿರುತ್ತೆ. ಕೈಯಲ್ಲಿರೋ ವಿದ್ಯೆ ಇಳಿದಿರುತ್ತಾ? ಕಡಿಮೆ ಲೆಕ್ಕಕ್ಕೆ ಹಳೇ ಪಾಕಡಾಗಳು ಸಿಕ್ತಾರೆ. ಮ್ಯಾನೇಜರ್ ರಾಬ್ ಲಯನ್‌ಗೆ ಇದು ಗೊತ್ತಿರಲಿಲ್ಲ ಅಂತೀಯಾ?

ಶ್ಯಾಮು: ಸರಿ, ಬೋನಸ್ ಅಂದ್ರೇನು ಅಂತ ವೆಂಕಿಗೆ ಹೇಳಿ. ಅವನು ದೀಪಾವಳಿ ಬೋನಸ್ ಅಂದುಕೊಂಡಿದ್ದಾನೆ.

ಸರೋಜ: ಒಂದು ಹೀಟ್‌ಗೆ ನಾಲ್ಕು ಜನ, ನಾಲ್ಕು ಸುತ್ತು. ಮನೆಯ ತಂಡದ ಜೋಡಿಗೆ ಕೆಂಪು, ನೀಲಿ ಹೆಲ್ಮೆಟ್. ಹೊರಗಿನವರಿಗೆ ಬಿಳಿ, ಹಳದಿ. 3, 2, 1, 0 ಅಂಕ. ನಿನ್ನ ಜೊತೆಗಾರ ಮೊದಲು, ಅವನ ಬೆನ್ನಿಗೇ ನೀನು ಎರಡನೇದು ಅಂದ್ರೆ ನಿನಗೆ ಎರಡು ಅಂಕದ ಜೊತೆ ಒಂದು ಬೋನಸ್. ಸ್ವಂತ ಜೊತೆಗಾರನನ್ನೇ ಹಿಂದೆ ಹಾಕೋಕೆ ಹೋಗಿ ಇಬ್ಬರೂ ಬೀಳಬಾರದು ಅಂತ ಕೊಡೋದು. ತಂಡದ ಸ್ಕೋರ್‌ಗೆ ಸೇರಲ್ಲ. ಸವಾರನ ಅವರೇಜ್‌ಗೆ, ಜೇಬಿಗೆ ಸೇರುತ್ತೆ.

ವೆಂಕಿ: ಜಗಳ ಆಡದೇ ಇರೋದಕ್ಕೂ ದುಡ್ಡಾ! ನಮ್ಮ ಅಪಾರ್ಟ್‌ಮೆಂಟ್ ಸಂಘಕ್ಕೂ ಈ ನಿಯಮ ಬೇಕು.

ಗುಂಡಣ್ಣ: ಹೀಟ್‌ಗೆ ಆರು ಅಂಕ, 15 ಹೀಟ್‌ಗೆ 90. ಅಂದ್ರೆ 46 ಬಂದ್ರೆ ಗೆದ್ದೆ. ಏಳು ಜನರಲ್ಲಿ 6, 7ನೇ ನಂಬರು ರಿಸರ್ವ್. ಎರಡನೇ ಹೀಟ್ ಪೂರ್ತಿ ಅವರದ್ದೇ.

ವೆಂಕಿ: ರಿಸರ್ವ್ ಅಂದ್ರೆ ಬೆಂಚ್ ಮೇಲೆ ಕೂತು ನೀರು ಕೊಡೋನಲ್ವಾ?

ಗುಂಡಣ್ಣ: ಇಲ್ಲಿ ಅವನೇ ಎಲ್ಲರಿಗಿಂತ ಜಾಸ್ತಿ ಬೆವರು ಸುರಿಸಬಹುದು. ಫಾರ್ಮ್‌ನಲ್ಲಿದ್ರೆ ಏಳು ಸಲ ಓಡಿಸ್ತಾರೆ. 2021ರಲ್ಲಿ 'ರೈಸಿಂಗ್ ಸ್ಟಾರ್' ಅಂತ ಪ್ರತಿ ತಂಡಕ್ಕೂ ಒಬ್ಬ ಬ್ರಿಟಿಷ್ ಹುಡುಗ ಕಡ್ಡಾಯ ಆಯ್ತು. ಪೀಟರ್‌ಬರೋಗೆ ಬಂದವನು ಜೋರ್ಡನ್ ಪೇಲಿನ್. ಅಪ್ಪಂದಿರ ಮಧ್ಯೆ ಒಬ್ಬ ಮಗ. ಲೀಗ್ ಗೆಲ್ಲೋದು ಒಂದನೇ ನಂಬರಿನವನಿಂದ ಅಂತ ಎಲ್ಲರೂ ಅಂದುಕೋತಾರೆ. ನನ್ನ ಕೇಳಿದ್ರೆ ರಿಸರ್ವ್ ಮೂರನೇ ಸ್ಥಾನ ಕದ್ದು ತರೋ ಆ ಒಂದೊಂದು ಅಂಕದಿಂದ.

ಶ್ಯಾಮು: ಲೆಕ್ಕ ಎಲ್ಲ ಸರಿ. ಗಾಡಿ ಓಡಿಸಬೇಕಲ್ಲ? 500 ಸಿಸಿ, ಒಂದೇ ಸಿಲಿಂಡರ್, ಒಂದೇ ಗೇರ್, ಬ್ರೇಕ್ ಇಲ್ಲ, ತೂಕ 77 ಕೆಜಿಗಿಂತ ಕಮ್ಮಿ ಇರೋ ಹಾಗಿಲ್ಲ. ಇದರ ಮೇಲೆ 43ರ ಮನುಷ್ಯ 22ರ ಹುಡುಗನನ್ನ ಹೇಗೆ ಹಿಂದೆ ಹಾಕ್ತಾನೆ?

ಸರೋಜ: ಹಿಂದೆ ಹಾಕಲ್ಲ. ಮೊದಲೇ ಮುಂದೆ ಹೋಗಿಬಿಡ್ತಾನೆ. ಗೇಟ್‌ನಲ್ಲಿ, ಅಂದ್ರೆ ಶುರುವಿನ ಗೆರೆಯಲ್ಲಿ, ಅಡ್ಡ ಕಟ್ಟಿದ ಟೇಪ್ ಮೇಲಕ್ಕೆ ಹಾರಿದ ಕ್ಷಣದಿಂದ ಮೊದಲ ತಿರುವಿನವರೆಗೆ ಯಾರು ಮುಂದೋ, ಅರ್ಧ ಹೀಟ್ ಅವರದ್ದು. ಹಿಂದಿರೋನು ಅದೇ ಗೆರೆಯಲ್ಲಿ ಹೋದ್ರೆ ಬಾಯಿ ತುಂಬ ಮಣ್ಣು.

ಗುಂಡಣ್ಣ: ಅದಕ್ಕೇ ಶುರುವಿಗೆ ಮುಂಚೆ ಕೊಡೋ ಎರಡು ನಿಮಿಷದ ಗಡುವಿನೊಳಗೆ ಗೇಟ್‌ನಲ್ಲಿ ಬೂಟಿನಿಂದ ಕೆರೀತಾರೆ. ಸಡಿಲ ಮಣ್ಣು ತೆಗೆದು, ಹಿಂದಿನ ಚಕ್ರಕ್ಕೆ ಗಟ್ಟಿ ನೆಲ ಸಿಗೋ ಹಾಗೆ ಮಾಡ್ಕೋತಾರೆ. ಹಿಡಿತ ಕಮ್ಮಿಯಾದ್ರೆ ಚಕ್ರ ನಿಂತಲ್ಲೇ ಗಿರಗಿರ; ಜಾಸ್ತಿಯಾದ್ರೆ ಮುಂದಿನ ಚಕ್ರ ಆಕಾಶ ನೋಡುತ್ತೆ, ಅದನ್ನ ಕೆಳಗಿಳಿಸೋಕೆ ಥ್ರಾಟಲ್ ಬಿಡಬೇಕು, ಅಲ್ಲಿಗೆ ಹೀಟ್ ಮುಗೀತು. ಈ ಹದ ನಿಕೋಲ್ಸ್ ಥರದೋರ ಕಾಲಿಗೇ ಗೊತ್ತು.

ಶ್ಯಾಮು: ಮತ್ತೆ ಟೇಪ್ ಮುರಿಯೋದೂ ಅನುಭವಸ್ಥರೇ ಅಲ್ವಾ?

ಸರೋಜ: ಎಲ್ಲ ಸಲವೂ ಆತುರ ಅಲ್ಲ ಮಾರಾಯ, ಕ್ಲಚ್. ಗೇಟ್‌ನಲ್ಲಿ ಗೇರ್ ಹಾಕಿ, ಕ್ಲಚ್ ಹಿಡಿದು, ರೆವ್ ಏರಿಸಿ ತುಂಬ ಹೊತ್ತು ನಿಂತ್ರೆ ಪ್ಲೇಟ್‌ಗಳು ಕಾಯ್ತವೆ. ಕಾದ್ರೆ ಹಿಗ್ಗುತ್ತವೆ, ಲಿವರ್ ಪೂರ್ತಿ ಒತ್ತಿದ್ರೂ ಬಿಡಲ್ಲ, ಗಾಡಿ ತಾನೇ ಮುಂದಕ್ಕೆ ತೆವಳಿ ಟೇಪ್‌ಗೆ ಮುತ್ತಿಡುತ್ತೆ. ಹೀಟ್‌ಗಳ ಮಧ್ಯೆ ಮೆಕ್ಯಾನಿಕ್ ಪ್ಲೇಟ್ ತೆಗೆದು ದೂಳು ಒರೆಸಿ, ಕೇಬಲ್‌ನ ಸಡಿಲ ನೋಡೋದು ಅದಕ್ಕೇ. ಟೇಪ್ ಮುಟ್ಟಿದ್ರೆ ಮ್ಯಾನೇಜರ್‌ಗೆ ಎರಡೇ ದಾರಿ: ರಿಸರ್ವ್‌ನ ಕಳಿಸು, ಇಲ್ಲಾ ತಪ್ಪು ಮಾಡಿದವನನ್ನೇ 15 ಮೀಟರ್ ಹಿಂದೆ ನಿಲ್ಲಿಸು.

ವೆಂಕಿ: ಒಂದೇ ಗೇರ್ ಅಂದ್ರಲ್ಲ, ಹಾಗಾದ್ರೆ ಮೆಕ್ಯಾನಿಕ್‌ಗೆ ಇನ್ನೇನು ಕೆಲಸ? ಟೀ ಕುಡಿಯೋದಾ?

ಸರೋಜ: ಒಂದೇ ಗೇರ್ ಇರೋದಕ್ಕೇ ಪೂರ್ತಿ ಕೆಲಸ! ಗೇರ್ ಬದಲಿಸಬೇಕಾದ್ರೆ ಹಿಂದಿನ ಸ್ಪ್ರಾಕೆಟ್, ಅಂದ್ರೆ ಚೈನ್ ಕೂರೋ ಹಲ್ಲಿನ ಚಕ್ರ, ಬಿಚ್ಚಿ ಬೇರೆ ಹಾಕಬೇಕು. ಒಂದು ಹಲ್ಲು ಜಾಸ್ತಿ ಮಾಡಿದ್ರೆ ಗೇಟ್‌ನಿಂದ ಚುರುಕು, ಆದ್ರೆ ನೇರ ದಾರಿಯ ಕೊನೆಯಲ್ಲಿ ಎಂಜಿನ್ ಉಸಿರುಗಟ್ಟಿ ಕಿರುಚುತ್ತೆ. ಕಮ್ಮಿ ಮಾಡಿದ್ರೆ ಕೊನೆಗೆ ವೇಗ ಸಿಗುತ್ತೆ, ಶುರುವಿನಲ್ಲಿ ಗುಮ್ಮಂತ ಕೂರುತ್ತೆ. ವುಲ್ವರ್‌ಹ್ಯಾಂಪ್ಟನ್ ಟ್ರ್ಯಾಕ್ 264 ಮೀಟರ್, ಪೀಟರ್‌ಬರೋ 336, ಬೆಲ್ ವ್ಯೂ 347. ಚಿಕ್ಕದಕ್ಕೆ ಹಾಕಿದ ಸ್ಪ್ರಾಕೆಟ್ ದೊಡ್ಡದಕ್ಕೆ ಆಗಲ್ಲ. ಮಳೆ ಬಂದು ಮಣ್ಣು ಭಾರ ಆದ್ರೆ ಮತ್ತೆ ಒಂದು ಹಲ್ಲು ಸೇರಿಸು.

ಗುಂಡಣ್ಣ: ಟ್ರ್ಯಾಕಿಗೆ ಹಾಕೋ ಆ ಶೇಲ್ ಕಲ್ಲುಪುಡಿ ಮಣ್ಣಿನದ್ದೇ ಒಂದು ಪುರಾಣ. ಮುದ್ದೆ ತಿರುವಿದ ಹಾಗೆ ಹದ ನೋಡ್ಬೇಕು. ನೀರು ಕಮ್ಮಿಯಾದ್ರೆ ಬರೀ ದೂಳು, ಹಿಡಿತ ಇಲ್ಲ, ಎಲ್ಲರೂ ಒಳಗೆರೆಗೇ ಅಂಟಿಕೊಂಡು ಮೆರವಣಿಗೆ. ಜಾಸ್ತಿಯಾದ್ರೆ ತಿರುವಿನಲ್ಲಿ ಗುಂಡಿ ಬಿದ್ದು, ಹಿಂದಿನ ಚಕ್ರ ಅದಕ್ಕೆ ಸಿಕ್ಕಿದ ತಕ್ಷಣ ಗಾಡಿ ನೆಟ್ಟಗಾಗಿ ನೇರ ಬೇಲಿಗೆ. ಅದಕ್ಕೇ ನಾಲ್ಕು ಹೀಟ್‌ಗೊಮ್ಮೆ ಟ್ರ್ಯಾಕ್ಟರ್ ಬಂದು ಹೊರಕ್ಕೆ ಹಾರಿದ ಮಣ್ಣನ್ನ ಒಳಕ್ಕೆ ಎಳೆಯೋದು.

ಶ್ಯಾಮು: ಟೈರ್ ವಿಷಯ ಬಿಟ್ರಿ. ಬರೀ ಎಡಕ್ಕೇ ತಿರುಗೋದ್ರಿಂದ ಒಂದೇ ಅಂಚು ಸವೆಯುತ್ತೆ. ಬಿಚ್ಚಿ ತಿರುಗಿಸಿ ಹಾಕಿದ್ರೆ ಇನ್ನೊಂದು ಅಂಚು ಹೊಸದು.

ವೆಂಕಿ: ನಮ್ಮ ತಾತ ಷರಟಿನ ಕಾಲರ್ ಬಿಚ್ಚಿ ತಿರುಗಿಸಿ ಹೊಲಿಸ್ತಿದ್ರಂತೆ. ಒಂದು ಮಾತು ಹೇಳಿ, ಈ ಸವಾರರು ಬ್ರಿಟನ್‌ನಲ್ಲಿ ಪಂದ್ಯ ಇರೋ ಸೋಮವಾರ, ಗುರುವಾರ ಬಿಟ್ರೆ ಬೇರೆ ದಿನ ಏನ್ ಮಾಡ್ತಾರೆ?

ಸರೋಜ: ದೊಡ್ಡ ಹೆಸರಿನವರಿಗೆ ಬೇರೆ ದಿನವೇ ಇಲ್ಲ. ಮಂಗಳವಾರ ಸ್ವೀಡನ್, ಬುಧವಾರ ಡೆನ್ಮಾರ್ಕ್, ವಾರದ ಕೊನೆಗೆ ಪೋಲೆಂಡ್. ಸವಾರ ವಿಮಾನದಲ್ಲಿ, ಗಾಡಿ ವ್ಯಾನ್‌ನಲ್ಲಿ. ಯಾರಾದ್ರೂ ಗಾಯ ಆದ್ರೆ ಬೇರೆ ತಂಡದಿಂದ 'ಗೆಸ್ಟ್' ಕರೀತಾರೆ. ಹೋದ ವಾರ ನಿಮ್ಮನ್ನ ಸೋಲಿಸಿದವನೇ ಈ ವಾರ ನಿಮ್ಮ ಜೆರ್ಸಿ ಹಾಕಿ ಗೇಟ್‌ಗೆ ಬರ್ತಾನೆ.

ವೆಂಕಿ: ರಾಜಕೀಯಕ್ಕೆ ಹೇಳಿ ಮಾಡಿಸಿದ ಆಟ.

ಶ್ಯಾಮು: ಆಯ್ತು, ಅದೃಷ್ಟ ಅಂದ ಮಾತು ಅರ್ಧ ವಾಪಸ್. ಆದ್ರೆ ಪೀಟರ್‌ಬರೋ 1999, 2006ರಲ್ಲಿ ಗೆದ್ದು, ಆಮೇಲೆ 15 ವರ್ಷ ಕಾಯ್ತಲ್ಲ, ಆಗೆಲ್ಲ ಈ ಲೆಕ್ಕ ಎಲ್ಲಿ ಹೋಗಿತ್ತು?

ಗುಂಡಣ್ಣ: ಲೆಕ್ಕ ಎಲ್ಲರಿಗೂ ಬರುತ್ತೆ ಶ್ಯಾಮು, ಪಾಕಡಾಗಳು ಎಲ್ಲರಿಗೂ ಸಿಕ್ಕಲ್ಲ. ಫೈನಲ್‌ನಲ್ಲಿ ಬೆಲ್ ವ್ಯೂನ ಎರಡು ಲೆಗ್ (ಅವರಲ್ಲೊಂದು, ಇವರಲ್ಲೊಂದು ಪಂದ್ಯ) ಸೇರಿಸಿ ಸೋಲಿಸಿದ್ರಲ್ಲ, ಅದು ಗೇಟ್ ಬಲ್ಲವರ ಕೆಲಸ. ಎರಡೇ ವರ್ಷಕ್ಕೆ, 2023ರಲ್ಲಿ, ಪೀಟರ್‌ಬರೋ ಟ್ರ್ಯಾಕಿಗೇ ಬಾಗಿಲು ಹಾಕಿದ್ರು. ವುಲ್ವರ್‌ಹ್ಯಾಂಪ್ಟನ್‌ಗೂ ಅದೇ ವರ್ಷ ಅದೇ ಗತಿ. ನನ್ನ ಹೊಟ್ಟೆ ಉರಿಯೋದು ಅದಕ್ಕೆ.

ವೆಂಕಿ: ಉರಿಯೋದು ಅಂದ್ರೆ ನೆನಪಾಯ್ತು, ಇವಕ್ಕೆ ಪೆಟ್ರೋಲ್ ಹಾಕ್ತಾರಾ?

ಸರೋಜ: ಮೆಥನಾಲ್. ಪೆಟ್ರೋಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಕುಡಿಯುತ್ತೆ, ಬದಲಿಗೆ ಎಂಜಿನ್ ತಣ್ಣಗಿಡುತ್ತೆ. ಹಗಲಲ್ಲಿ ಅದರ ಬೆಂಕಿ ಕಣ್ಣಿಗೆ ಕಾಣಲ್ಲ, ಪಿಟ್‌ನಲ್ಲಿ ಯಾರಾದ್ರೂ ಸುಮ್ಮಸುಮ್ಮನೆ ಕುಣಿದ್ರೆ ನಗಬೇಡಿ, ನಂದಿಸೋಕೆ ಓಡಿ. ಗಾಳಿಯ ತೇವವನ್ನೂ ಹೀರಿಕೊಳ್ಳುತ್ತೆ. ಪಂದ್ಯ ಮುಗಿದ ಮೇಲೆ ಟ್ಯಾಂಕ್, ಕಾರ್ಬ್ಯುರೇಟರ್ ಖಾಲಿ ಮಾಡಿ, ಪೆಟ್ರೋಲ್ ಹಾಕಿ ಒಂದೆರಡು ನಿಮಿಷ ಓಡಿಸದಿದ್ರೆ ಫ್ಲೋಟ್ ಬಟ್ಟಲಲ್ಲಿ ಬಿಳಿ ಹಿಟ್ಟು ಕಟ್ಟುತ್ತೆ, ಮುಂದಿನ ಸೋಮವಾರ ಜೆಟ್, ಅಂದ್ರೆ ಇಂಧನ ಹೋಗೋ ತೂತು, ಮುಚ್ಚಿ ಗಾಡಿ ಗೇಟ್‌ನಲ್ಲೇ ಕೆಮ್ಮುತ್ತೆ.

ವೆಂಕಿ: ಅಂದ್ರೆ ಕಪ್ ಗೆದ್ದ ರಾತ್ರಿನೂ?

ಸರೋಜ: ಕಪ್ ಗೆದ್ದ ರಾತ್ರಿನೂ. ಸವಾರ ಶಾಂಪೇನ್ ಚಿಮ್ಮಿಸ್ತಿರ್ತಾನೆ, ಮೆಕ್ಯಾನಿಕ್ ಟ್ಯಾಂಕ್ ಬಗ್ಗಿಸ್ತಿರ್ತಾನೆ.