ಬ್ರೇಕ್ ಒತ್ತಿದರೆ ಟ್ರೇಲರ್ ಲೈಟ್ ಎಲ್ಲಾ ಮಂಕು, ಪೂರ್ತಿ ವೈರಿಂಗ್ ಬದಲಾಯಿಸಬೇಕಾ?

ಎರಡುಗಾಲಿ:
ನಮಸ್ಕಾರ ಎಲ್ಲರಿಗೂ. ನನ್ನ ಹತ್ರ ಒಂದು ಹಳೇ ಲಗೇಜ್ ಟ್ರೇಲರ್ ಇದೆ, 7 ಪಿನ್ ಪ್ಲಗ್. ಹೋದ ವಾರದಿಂದ ಲೈಟ್ ತಲೆ ಕೆಡಿಸಿದೆ. ಬರೀ ಪಾರ್ಕಿಂಗ್ ಲೈಟ್ ಹಾಕಿದರೆ ಚೆನ್ನಾಗಿ ಉರಿಯುತ್ತದೆ. ಬರೀ ಇಂಡಿಕೇಟರ್ ಹಾಕಿದರೂ ಪರವಾಗಿಲ್ಲ. ಆದರೆ ಪಾರ್ಕಿಂಗ್ ಲೈಟ್ ಉರಿಯುತ್ತಿರುವಾಗ ಬ್ರೇಕ್ ಒತ್ತಿದರೆ ಎಲ್ಲಾ ಮಂಕಾಗುತ್ತದೆ, ಅದರ ಮೇಲೆ ಬಲಗಡೆ ಇಂಡಿಕೇಟರ್ ಕೊಟ್ಟರೆ ಎಡಗಡೆಯದೂ ಸೇರಿಕೊಂಡು ಮಿಣಮಿಣ ಅನ್ನುತ್ತದೆ. ಕಾರಿನ ಲೈಟ್‌ಗಳಿಗೆ ಏನೂ ಆಗಿಲ್ಲ. ಬಲ್ಬ್ ಎಲ್ಲಾ ಹೊಸದು ಹಾಕಿದೆ, ಫ್ಯೂಸ್ ನೋಡಿದೆ, ಏನೂ ಬದಲಾಗಲಿಲ್ಲ. ನಾನು ನಿಲ್ಲಿಸುತ್ತೇನೋ ತಿರುಗಿಸುತ್ತೇನೋ ಅಂತ ಹಿಂದೆ ಬರುವವರಿಗೆ ಗೊತ್ತಾಗದಿದ್ದರೆ ಹೇಗೆ? ಅದಕ್ಕೆ ಸರಿಹೋಗುವ ತನಕ ಟ್ರೇಲರ್ ಹೊರಗೆ ತೆಗೆಯುತ್ತಿಲ್ಲ. ಪೂರ್ತಿ ವೈರಿಂಗ್ ಬದಲಾಯಿಸಬೇಕಾ, ಅಥವಾ ಎಲ್‌ಇಡಿ ಲೈಟ್ ಹಾಕಿಸಿದರೆ ಸರಿಹೋಗುತ್ತಾ?

ತಾಮ್ರದತಂತಿ:
ಎರಡೂ ಬೇಡ, ಇನ್ನೇನೂ ಖರೀದಿ ಮಾಡಬೇಡಿ. ನೀವು ಹೇಳಿದ ಲಕ್ಷಣ ನೋಡಿದರೆ ಇದು ಅರ್ತಿಂಗ್, ಅಂದರೆ ಕರೆಂಟ್ ವಾಪಸ್ ಬ್ಯಾಟರಿಗೆ ಹೋಗುವ ದಾರಿಯ ತೊಂದರೆಯೇ.

ಯಾಕೆ ಅಂದರೆ, ಪ್ರತಿ ಲೈಟ್‌ಗೂ ಕರೆಂಟ್ ತರುವ ವೈರ್ ಬೇರೆ ಬೇರೆ, ಆದರೆ ವಾಪಸ್ ಹೋಗುವ ವೈರ್ ಎಲ್ಲದಕ್ಕೂ ಒಂದೇ. ಎರಡು 5 ವ್ಯಾಟ್ ಟೇಲ್ ಬಲ್ಬ್ ಅಂದರೆ 12 ವೋಲ್ಟ್‌ನಲ್ಲಿ ಒಂದು ಆಂಪಿಯರ್ ಕೂಡ ಆಗಲ್ಲ, ಕೆಟ್ಟ ಜಾಯಿಂಟ್ ಕೂಡ ಅಷ್ಟನ್ನು ಹೇಗೋ ದಾಟಿಸುತ್ತದೆ. ಬ್ರೇಕ್ ಒತ್ತಿದ ಕೂಡಲೇ 21 ವ್ಯಾಟ್‌ನ ಎರಡು ಬಲ್ಬ್ ಸೇರಿ ಇನ್ನೂ ಮೂರೂವರೆ ಆಂಪಿಯರ್ ಬೇಕು, ಅಲ್ಲಿ ಕಟ್ಟಿಕೊಳ್ಳುತ್ತದೆ. ದಾರಿ ಸಿಗದ ಕರೆಂಟ್ ಎಡ ಇಂಡಿಕೇಟರ್‌ನ ಫಿಲಮೆಂಟ್ ದಾಟಿ, ಕಾರಿನ ಎಡಗಡೆ ಬಲ್ಬ್ ಮೂಲಕ ಅರ್ತ್ ಸೇರುತ್ತದೆ. ನಿಮಗೆ ಮಿಣಮಿಣ ಅಂತ ಕಾಣುತ್ತಿರುವುದು ಅದೇ.

ಒಂದು ಉದ್ದನೆಯ ವೈರ್ ತಗೊಳ್ಳಿ. ಒಂದು ತುದಿ ಕಾರಿನ ಬ್ಯಾಟರಿ ನೆಗೆಟಿವ್‌ಗೆ ಕೊಡಿ, ಇನ್ನೊಂದನ್ನು ಟ್ರೇಲರ್ ಲೈಟ್‌ನ ಅರ್ತ್ ಸ್ಕ್ರೂಗೆ ಹಿಡಿಯಿರಿ, ಯಾರನ್ನಾದರೂ ಬ್ರೇಕ್ ಒತ್ತಲು ಹೇಳಿ. ಲೈಟ್ ಜೋರಾಯಿತು ಅಂದರೆ ಅರ್ತೇ ಅಂತ ಖಾತ್ರಿ. ಆಮೇಲೆ ಅದೇ ತುದಿಯನ್ನು ಟ್ರೇಲರ್ ಚಾಸಿಗೆ (ಕಬ್ಬಿಣದ ಚೌಕಟ್ಟಿಗೆ), ಅಲ್ಲಿಂದ ಪ್ಲಗ್‌ನ ಅರ್ತ್ ಪಿನ್‌ಗೆ ಹಿಡಿಯುತ್ತಾ ಮುಂದೆ ಬನ್ನಿ. ಯಾವ ಜಾಗದಲ್ಲಿ ಹಿಡಿದಾಗ ಮತ್ತೆ ಮಂಕಾಗುತ್ತದೋ, ಅದಕ್ಕೂ ಹಿಂದಿನ ಜಾಗಕ್ಕೂ ಮಧ್ಯೆ ದೋಷ ಇದೆ.

ಅಂದ ಹಾಗೆ, ಹೋದ ವಾರ ಟ್ರೇಲರ್‌ಗೆ ಏನಾದರೂ ಕೆಲಸ ಮಾಡಿದ್ರಾ?

ಮೀಟರ್‌ಕೈ:
ಮೇಲಿನವರು ಹೇಳಿದ್ದು ಸರಿ. ಮಲ್ಟಿಮೀಟರ್ ಇದ್ದರೆ ಬ್ಯಾಟರಿ ನೆಗೆಟಿವ್‌ಗೂ ಲೈಟ್‌ನ ಅರ್ತ್‌ಗೂ ಮಧ್ಯೆ ವೋಲ್ಟ್ ನೋಡಿ, ಬ್ರೇಕ್ ಒತ್ತಿರುವಾಗಲೇ ನೋಡಬೇಕು. ಹೆಚ್ಚುಕಡಿಮೆ ಸೊನ್ನೆ ಬರಬೇಕು. ಅರ್ಧ ವೋಲ್ಟ್ ದಾಟಿದರೆ ಕೆಟ್ಟಿದೆ ಅಂತ. ಸುಮ್ನೆ ಕಂಟಿನ್ಯೂಟಿ ಬೀಪ್ (ವೈರ್ ತುಂಡಾಗಿಲ್ಲ ಅಂತ ಮೀಟರ್ ಮಾಡುವ ಸದ್ದು) ಕೇಳಿ ಸಮಾಧಾನ ಆಗಬೇಡಿ, ಒಂದೇ ಒಂದು ಎಳೆ ಉಳಿದಿದ್ದರೂ ಅದು ಬೀಪ್ ಅನ್ನುತ್ತದೆ.

ಪಿನ್ ವಿಷಯ. ಐಎಸ್‌ಒ 1724 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರದ ಗುಂಡನೆಯ 7 ಪಿನ್ ಆದರೆ 3ನೇ ಪಿನ್ ಅರ್ತ್, ಬಿಳಿ ವೈರ್. ಹಳದಿ ಎಡ ಇಂಡಿಕೇಟರ್, ಹಸಿರು ಬಲ, ಕೆಂಪು ಬ್ರೇಕ್. ಅಮೆರಿಕದ ಚಪ್ಪಟೆ 4 ಪಿನ್‌ನಲ್ಲೂ ಬಿಳಿಯೇ ಅರ್ತ್, ಆದರೆ ಅಲ್ಲಿ ಹಳದಿ, ಹಸಿರು ವೈರ್‌ಗಳಲ್ಲೇ ಬ್ರೇಕ್ ಸಿಗ್ನಲ್ ಕೂಡ ಬರುತ್ತದೆ. ಹಾಗಾಗಿ ಇವೆರಡನ್ನೂ ಕನ್ವರ್ಟರ್ ಇಲ್ಲದೆ ನೇರ ಜೋಡಿಸಬಾರದು. ಹಳೇ ಟ್ರೇಲರ್‌ನಲ್ಲಿ ಬಣ್ಣ ನಂಬಬೇಡಿ, ನಿಮಗಿಂತ ಮುಂಚೆ ಯಾರು ಏನು ಜೋಡಿಸಿದ್ದಾರೋ. ಪಿನ್ ನಂಬರ್ ಪ್ಲಗ್ ಒಳಗೆ ಅಚ್ಚಾಗಿರುತ್ತದೆ, ಅದನ್ನು ನೋಡಿ.

ಎಲ್‌ಇಡಿ ಹಾಕಿದರೆ ಕರೆಂಟ್ ಕಡಿಮೆ ಎಳೆಯುವುದರಿಂದ ತೊಂದರೆ ಮುಚ್ಚಿಹೋಗಬಹುದು, ವಾಸಿ ಆಗಲ್ಲ. ಜೊತೆಗೆ ಕೆಲವು ಕಾರುಗಳು ಬಲ್ಬ್ ಹೋಗಿದೆ ಅಂದುಕೊಂಡು ಇಂಡಿಕೇಟರನ್ನು ಪಟಪಟ ಬಡಿಸುತ್ತವೆ.

ಎರಡುಗಾಲಿ:
ಸಿಕ್ಕಿತು! ಲೈಟ್ ಹತ್ರ ವೈರ್ ಹಿಡಿದರೆ ಜೋರು, ಚಾಸಿಗೆ ಹಿಡಿದರೂ ಜೋರು, ಪ್ಲಗ್‌ನ 3ನೇ ಪಿನ್‌ಗೆ ಹಿಡಿದರೆ ಮತ್ತೆ ಮಂಕು. ಪ್ಲಗ್ ಬಿಚ್ಚಿದೆ. ಬಿಳಿ ವೈರ್ ಮೇಲ್ನೋಟಕ್ಕೆ ಸ್ಕ್ರೂ ಕೆಳಗೆ ಸರಿಯಾಗೇ ಕೂತಿತ್ತು, ಬೆರಳಲ್ಲಿ ಮುಟ್ಟಿದ ಕೂಡಲೇ ಕಳಚಿ ಬಂತು. ತುದಿಯಲ್ಲಿ ಹಸಿರು ಕಿಲುಬು ಪುಡಿಪುಡಿ ಆಗಿ ಉದುರಿತು. ಹೊದಿಕೆ ಎರಡು ಇಂಚು ಸುಲಿದರೂ ಒಳಗೆ ತಾಮ್ರ ಕಪ್ಪಾಗಿತ್ತು.

ಇನ್ನು ಹೋದ ವಾರದ ಪ್ರಶ್ನೆ. ಹೌದು, ಹಿಚ್ ಬಾಲ್ (ಟ್ರೇಲರ್ ಸಿಕ್ಕಿಸುವ, ಕಾರಿನ ಹಿಂದಿನ ಕಬ್ಬಿಣದ ಗುಂಡು) ಉಜ್ಜಿ ತೊಳೆದು ಚೆನ್ನಾಗಿ ಗ್ರೀಸ್ ಹಚ್ಚಿದ್ದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ತಾಮ್ರದತಂತಿ:
ಇದೆ, ನೂರಕ್ಕೆ ನೂರು. ಬಿಳಿ ವೈರ್ ಸತ್ತು ಬಹಳ ದಿನ ಆಗಿರಬೇಕು. ಇಷ್ಟು ದಿನ ಕರೆಂಟ್ ಬಾಲ್ ಮತ್ತು ಅದರ ಮೇಲೆ ಕೂರುವ ಟ್ರೇಲರ್ ಕಪ್ಲರ್‌ನ ಕಬ್ಬಿಣದ ಮೂಲಕವೇ ವಾಪಸ್ ಹೋಗುತ್ತಿತ್ತು. ಗ್ರೀಸ್ ಬಿದ್ದ ಮೇಲೆ ಆ ದಾರಿಯೂ ಅರ್ಧ ಮುಚ್ಚಿತು. ಗ್ರೀಸ್ ಹಚ್ಚಿದ್ದು ಸರಿಯೇ, ಅದನ್ನು ಒರೆಸಬೇಡಿ. ಬಾಲ್ ಇರುವುದು ಎಳೆಯುವುದಕ್ಕೆ, ಅರ್ತ್‌ಗೆ ಅಲ್ಲ.

ಕಪ್ಪಾದ ತಾಮ್ರವನ್ನು ಉಳಿಸಿಕೊಳ್ಳಬೇಡಿ, ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ. ಉದ್ದ ಸಾಲದಿದ್ದರೆ ಆ ಕೇಬಲ್ಲನ್ನೇ ಬದಲಾಯಿಸಿ. ಪ್ಲಗ್ ಒಳಗೂ ಕಿಲುಬು ಕೂತಿದ್ದರೆ ಪ್ಲಗ್ ಕೂಡ ಹೊಸದು ಹಾಕಿ, ಕಾರಿನ ಸಾಕೆಟ್ ಒಳಗೂ ಒಮ್ಮೆ ಟಾರ್ಚ್ ಬಿಟ್ಟು ನೋಡಿ. ಚಾಸಿಗೆ ಅರ್ತ್ ಕೊಡುವ ಜಾಗದಲ್ಲಿ ಪೇಂಟ್ ಕೆರೆದು, ರಿಂಗ್ ಟರ್ಮಿನಲ್ ಬಿಗಿ ಮಾಡಿ, ಆಮೇಲೆ ಮೇಲಿಂದ ಪೇಂಟ್ ಬಳಿಯಿರಿ. ವೈರ್ ಜೋಡಿಸಲು ಒತ್ತಿ ಕೂರಿಸುವ ಪ್ಲಾಸ್ಟಿಕ್ ಕ್ಲಿಪ್ ಮಾತ್ರ ಬೇಡ, ಅದು ಎಳೆಗಳನ್ನು ಕತ್ತರಿಸಿ ನೀರಿಗೆ ದಾರಿ ಮಾಡಿಕೊಡುತ್ತದೆ. ಜಾಯಿಂಟ್ ಮೇಲೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಹಾಕಿ.

ಮೀಟರ್‌ಕೈ:
ಕೇಬಲ್ ಹೊಸದು ಹಾಕುವಾಗ ಉದ್ದ ನೋಡಿಕೊಳ್ಳಿ. ಪೂರ್ತಿ ತಿರುಗಿಸಿದಾಗ ಬಿಗಿಯಾಗಬಾರದು, ನೆಲಕ್ಕೂ ತಾಗಬಾರದು. ಸೇಫ್ಟಿ ಚೈನ್‌ಗೆ ಸುತ್ತಬೇಡಿ, ಚೈನ್ ಉಜ್ಜಿ ಉಜ್ಜಿ ಹೊದಿಕೆ ಹರಿಯುತ್ತದೆ.

ಎರಡುಗಾಲಿ:
ಪ್ಲಗ್, ಕೇಬಲ್ ಎರಡೂ ಬದಲಾಯಿಸಿದೆ. ಬ್ರೇಕ್ ಒತ್ತಿ ಅಳೆದಾಗ ಮುಂಚೆ 4 ವೋಲ್ಟ್ ಇದ್ದದ್ದು ಈಗ 0.1. ಕತ್ತಲಾದ ಮೇಲೆ ಹಿಂದೆ ನಿಂತು ನೋಡಿದೆ, ಬ್ರೇಕ್ ಕೆಂಪಗೆ ಜೋರಾಗಿದೆ, ಬಲ ಇಂಡಿಕೇಟರ್ ಕೊಟ್ಟರೆ ಬಲಗಡೆ ಒಂದೇ ಮಿಟುಕುತ್ತದೆ. ತುಂಬಾ ಥ್ಯಾಂಕ್ಸ್ ಇಬ್ಬರಿಗೂ.